ಹುರುಳಿ ಹಾಸಿದ ತಿರುವು

ನರಸಿಂಹಪ್ಪನವರು ಬಸ್ಸು ಓಡಿಸುವಷ್ಟು ಹೊತ್ತೂ ಬೈಯುತ್ತಿದ್ದರು. ಆಟೋದವರಿಗೆ ತೆಲುಗಿನಲ್ಲಿ, ಎಮ್ಮೆಗಳಿಗೆ ಕನ್ನಡದಲ್ಲಿ. "ಎಮ್ಮೆಗೆ ತೆಲುಗು ಬರಾಕಿಲ್ಲ ಕಣಮ್ಮ" ಎನ್ನುತ್ತಿದ್ದರು.

ಪಳಗಿದ ಚಾಲಕರು ಏನು ನೋಡಿ, ಏನು ಯೋಚಿಸಿ ಓಡಿಸುತ್ತಾರೆ ಎಂಬುದನ್ನು ತಿಳಿದು ಹೊಸಬರಿಗೆ ಕಲಿಸುವುದು ಹಿಂದೂಪುರದ ತರಬೇತಿ ಶಾಲೆಯಲ್ಲಿ ನನ್ನ ಕೆಲಸ. ನೇರವಾಗಿ ಕೇಳಿದರೆ ನರಸಿಂಹಪ್ಪನವರು ಮೀಸೆ ತೀಡುತ್ತಿದ್ದರು: "ಏನೈತಮ್ಮ? ನನ್ನಂಗೆ ಓಡ್ಸೋನು ಇನ್ನೊಬ್ಬ ಹುಟ್ಟಿಲ್ಲ, ಅಷ್ಟೇಯ."

ಹಾಗಾಗಿ ಕಲ್ಯಾಣದುರ್ಗದ ಬಸ್ಸಿನಲ್ಲಿ ಅವರ ಹಿಂದೆಯೇ ಕೂತು ಬೈಗುಳಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳತೊಡಗಿದೆ. "ಲೇ ಲುಂಗಿ, ಅಡ್ಡ ಬತ್ತೀಯೇನ್ಲಾ?" ಎಂದು ಅವರು ಕೂಗುವಾಗ ಆ ಮನುಷ್ಯ ಇನ್ನೂ ಟೀ ಅಂಗಡಿಯ ಮುಂದೆಯೇ ಇರುತ್ತಿದ್ದ. ಸಂಜೆ ಅದನ್ನೇ ಕೇಳಿಸಿ, "ದಾಟ್ತಾನೆ ಅಂತ ಹೆಂಗೆ ಗೊತ್ತಾಯ್ತಣ್ಣ?" ಎನ್ನುತ್ತಿದ್ದೆ.

"ಗ್ಲಾಸ್ ಮಡಗಿ ಲುಂಗಿ ಎತ್ತಿ ಕಟ್ಟಿದ್ನಲ್ಲಮ್ಮ. ಅಲ್ಲೇ ಸಂಸಾರ ಮಾಡ್ತಾನಾ?"

ಒಂದೊಂದು ಬೈಗುಳದ ಹಿಂದೆಯೂ ಇಂಥದೊಂದು ಪಾಠ ಇರುತ್ತಿತ್ತು.

ಹುರುಳಿ ಒಕ್ಕಣೆಯ ಕಾಲದಲ್ಲಿ ಇಲ್ಲಿಯ ಹೆಂಗಸರು ಗಿಡಗಳನ್ನು ಟಾರು ರಸ್ತೆಯ ಮೇಲೆ ಹಾಸುತ್ತಾರೆ. ಗಾಡಿಗಳು ಹಾದು ಕಾಳು ಉದುರಬೇಕು. ಅದರ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ಒಂದು ದಿನ ಕಲ್ಯಾಣದುರ್ಗ ಇನ್ನೇನು ಬಂತು ಎನ್ನುವಾಗ ತಿರುವೊಂದರಲ್ಲಿ ಅಂಥ ಹಾಸು ಕಂಡಿತು. ನರಸಿಂಹಪ್ಪನವರ ಬಾಯಿ ಥಟ್ಟನೆ ನಿಂತಿತು. ಹಾಸನ್ನು ಮುಟ್ಟುವ ಮೊದಲೇ ಬಸ್ಸನ್ನು ಪಕ್ಕದ ಖಾಲಿ ಹೊಲಕ್ಕೆ ಇಳಿಸಿಬಿಟ್ಟರು. ಮರುಕ್ಷಣ ತಿರುವಿನಾಚೆಯಿಂದ ಕಲ್ಲು ತುಂಬಿದ ಲಾರಿ ನುಗ್ಗಿಬಂದು, ಹುರುಳಿಯ ಮೇಲೆ ಜಾರಿ, ನಾವು ಇರಬೇಕಾಗಿದ್ದ ಜಾಗದಲ್ಲಿ ಮಗುಚಿಕೊಂಡಿತು. ಅದರ ಚಾಲಕನನ್ನು ಜನ ಜೀವಂತ ಹೊರಗೆಳೆದರು. ಆ ಸದ್ದು ಮಾತ್ರ ಈಗಲೂ ನನ್ನನ್ನು ಬಿಟ್ಟಿಲ್ಲ.

"ಏನ್ ನೋಡಿದ್ರಣ್ಣ?" ಎಂದೆ.

"ನಾಳಿಕ್ಕೆ ಕೇಳಮ್ಮ. ಬಾಯೆಲ್ಲ ಒಣಗೋಗೈತೆ."

ಮರುದಿನ ಬೆಳಗ್ಗೆ ಮನೆಯಲ್ಲಿ ಎದೆನೋವು ಬಂದು ಅವರು ತೀರಿಕೊಂಡರು.

ರೆಕಾರ್ಡಿಂಗಿನಲ್ಲಿ ಆ ಜಾಗದಲ್ಲಿ ಇರುವುದು ಬರೀ ಎಂಜಿನ್ ಸದ್ದು. ಮತ್ತೆ ಮತ್ತೆ ನೆನೆದಾಗ ನನಗೆ ಹೊಳೆದದ್ದು ಒಂದೇ: ಗಿಡ ತಿರುವಿಹಾಕಲು ಸದಾ ಅಲ್ಲೇ ಇರುವ ಹೆಂಗಸರು ಅಂದು ಹಾಸಿನ ಬಳಿ ಇರಲಿಲ್ಲ. ಲಾರಿಯ ಸದ್ದಿಗೆ ಓಡಿಹೋಗಿದ್ದರೇನೋ. ನರಸಿಂಹಪ್ಪನವರು ನೋಡಿದ್ದು ಅದನ್ನೇ ಇರಬಹುದು.

ತರಗತಿಯಲ್ಲಿ ಅಷ್ಟನ್ನೇ ಹೇಳಿದೆ.

"ನೋಡ್ದೇನ್ಲಾ, ಹೆಂಗಸ್ರು ಇಲ್ದಿದ್ದುಕ್ಕೇ ಲಾರಿ ಬತ್ತೈತೆ ಅಂತ ಕಂಡುಹಿಡ್ದವ್ರೆ ನರಸಿಂಹಪ್ಪಣ್ಣ!" ಎಂದ ಹೊಸ ಚಾಲಕನೊಬ್ಬ.

"ಅವರು ಹೇಳಿದ್ದಲ್ಲಪ್ಪ ಅದು, ನನ್ನ ಊಹೆ" ಎಂದೆ. ಅವನು ಆಗಲೇ ಪಕ್ಕದವನ ಕಡೆ ತಿರುಗಿ, ಅದನ್ನು ನರಸಿಂಹಪ್ಪನವರದೇ ದನಿ ಮಾಡಿ ಹೇಳುತ್ತಿದ್ದ.