ಬೀಗರನ್ನು ನಗರಕ್ಕೆ ಕರೆದದ್ದು

ನಮ್ಮ ಅರಕೆರೆಯಲ್ಲಿ ‘ಪಟ್ಣ’ ಎಂದರೆ ಶ್ರೀರಂಗಪಟ್ಟಣ, ಬೇರೆ ಯಾವುದೂ ಅಲ್ಲ. ಕೃಷ್ಣರಾಜಪೇಟೆ ಕಡೆಯ ನೆಂಟರು ‘ಪ್ಯಾಟೆಗೆ ಓಗಿದ್ದೆ’ ಎಂದರೆ ತಮ್ಮ ತಾಲ್ಲೂಕು ಕಚೇರಿ ಇರುವಲ್ಲಿಗೆ ಹೋಗಿದ್ದರೆಂದು ಅರ್ಥ. ಇದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಮೈಸೂರು, ಬೆಂಗಳೂರು ಎಷ್ಟೇ ಬೆಳೆದಿದ್ದರೂ ಅಪ್ಪನ ಕಣ್ಣಿಗೆ ಅವು ಒಂದು ಮೆಟ್ಟಿಲು ಕೆಳಗೇ. “ಎಸ್ರಲ್ಲೇ ಊರು ಅಂತ ಮಡಿಕ್ಕಂಡವೆ. ನಮ್ದು ಪಟ್ಣ ಕಣವ್ವ” ಎನ್ನುತ್ತಿದ್ದರು. ತಮಾಷೆಗಲ್ಲ, ನಿಜವಾಗಿಯೂ ಹಾಗೆಂದೇ ನಂಬಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಕ್ಕನಿಗೆ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಿಂದ ಗಂಡು ಗೊತ್ತಾಯಿತು. ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮಾತುಕತೆ ಮುಗಿದಿತ್ತು, ಎರಡೂ ಕಡೆಯವರು ಸೇರಿ ಧಾರೆ ಸೀರೆ ತೆಗೆಯಬೇಕಿತ್ತು. ಎರಡು ಮನೆಯಲ್ಲೂ ಫೋನಿರಲಿಲ್ಲ. ಅಪ್ಪನಿಗೆ ಓದು ಬರಹ ಅಷ್ಟಕ್ಕಷ್ಟೇ. ಜಗುಲಿಯ ಮೇಲೆ ಕೂತು ನನ್ನ ಕೈಯಲ್ಲಿ ಕಾರ್ಡು ಬರೆಸಿದರು.

“ಬರ್ಕೊ. ಸುಕ್ರಾರ ಬೆಳಗ್ಗೆ ಅತ್ತು ಗಂಟ್ಗೆ ಪಟ್ಣದ ಬಸ್‌ಸ್ಟ್ಯಾಂಡಲ್ಲಿ ಕಾಯ್ಕಂಡಿರ್ತೀವಿ, ಬಂದ್ಬುಡಿ.”

ನಾನಾಗ ಮೊದಲ ವರ್ಷದ ಬಿ.ಎ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು, ಅದೂ ಕನ್ನಡ ಐಚ್ಛಿಕ ತೆಗೆದುಕೊಂಡವಳು. ಮೇಷ್ಟ್ರ ಮನೆಗೆ ‘ಪಟ್ಣ’ ಎಂದು ಬರೆಯುವುದುಂಟೇ? ‘ಪಟ್ಟಣ’ ಎಂದು ತಿದ್ದಿದರೂ ಸಪ್ಪೆಯೆನಿಸಿತು. ಕೊನೆಗೆ ಕಾರ್ಡಿನಲ್ಲಿ ಹೀಗೆ ಬರೆದೆ: ‘ಬರುವ ಶುಕ್ರವಾರ ಪೂರ್ವಾಹ್ನ ಹತ್ತು ಗಂಟೆಗೆ ನಗರ ಬಸ್ ನಿಲ್ದಾಣದಲ್ಲಿ ತಮ್ಮ ಆಗಮನವನ್ನು ನಿರೀಕ್ಷಿಸುತ್ತಿರುತ್ತೇವೆ.’ ಅಪ್ಪ “ಓದು” ಎಂದಾಗ ಅವರು ಹೇಳಿದ್ದನ್ನೇ ಅವರಿಗೆ ಓದಿ ಹೇಳಿದೆ.

ಶುಕ್ರವಾರ ಒಂಬತ್ತೂವರೆಗೇ ಅಪ್ಪ, ಅವ್ವ, ಅಕ್ಕ, ಚಿಕ್ಕಪ್ಪ, ನಾನು ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿದ್ದೆವು. ನಾಗಮಂಗಲದ ಬಸ್ಸುಗಳು ಬರುವುದು ಪಾಂಡವಪುರದ ಕಡೆಯಿಂದ. ಆ ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಅಪ್ಪ ಹೋಗಿ ನಿಂತು ಕೈಮುಗಿಯಲು ಸಿದ್ಧರಾಗುತ್ತಿದ್ದರು. ಇಳಿದವರೆಲ್ಲ ಯಾರ್‍ಯಾರೋ. ಹನ್ನೊಂದಾಯಿತು, ಹನ್ನೆರಡಾಯಿತು.

“ಸಂಬಂದ ಬ್ಯಾಡ ಅಂತ ತೀರ್ಮಾನ ಮಾಡವ್ರೆ ಕಣಣ್ಣೋ. ಇಲ್ದಿದ್ರೆ ಇಂಗ್ ಮಾಡ್ತಿದ್ರಾ?” ಎಂದರು ಚಿಕ್ಕಪ್ಪ.

ಅಕ್ಕ ಹೊಸ ಬಳೆ ಹಾಕಿಕೊಂಡು ಬಂದಿದ್ದಳು. ಒಂದು ಗಂಟೆಯ ಹೊತ್ತಿಗೆ ಸೆರಗಿನಲ್ಲಿ ಬಳೆಗಳನ್ನು ಮುಚ್ಚಿಕೊಂಡು “ಮನೆಗೋಗಮ ನಡೀರಿ” ಎಂದಳು. ಮಾತಿಗೆ ತಪ್ಪುವ ಇಂಥ ಜನರಿಗೆ ಎಂಥ ಒಳ್ಳೆಯ ಕನ್ನಡದಲ್ಲಿ ಕಾಗದ ಬರೆದೆನಲ್ಲ ಎಂದು ಸಂಕಟಪಟ್ಟೆ.

ಅಷ್ಟರಲ್ಲಿ ಮೈಸೂರಿನ ಕಡೆಯಿಂದ ನಾಗಮಂಗಲಕ್ಕೆ ಹೋಗುವ ಬಸ್ಸು ಬಂದು ನಿಂತಿತು. ಅವ್ವ ಕೂಗಿಕೊಂಡರು: “ಅಯ್ಯೋ, ಬೀಗಿತ್ತಿ!”

ಏಳು ಜನ ಬೀಗರು ಸಾಲಾಗಿ ಕೂತಿದ್ದರು, ಮುಖ ಊದಿಸಿಕೊಂಡು. ಕಿಟಕಿಯ ಪಕ್ಕ ಹುಡುಗನ ಸೋದರಮಾವ. ನಮ್ಮನ್ನು ಕಂಡೊಡನೆ ಅತ್ತ ತಿರುಗಿದರು. ಅಪ್ಪ ಕಿಟಕಿಯ ಕಂಬಿ ತಟ್ಟಿದರು.

“ಏನ್ ಬೀಗ್ರೆ, ಮೈಸೂರ್ ಕಡೆಯಿಂದ ಬತ್ತಾ ಇದ್ದೀರಿ?”

“ಇನ್ನೆಲ್ಲಿಂದ ಬರಾನ? ಅತ್ತು ಗಂಟೆಯಿಂದ ನಿಮ್ಮ ದಾರಿ ನೋಡಿ ಸಾಕಾಯ್ತು. ಎಣ್ಣು ಕೊಡಕ್ಕೆ ಇಷ್ಟ ಇಲ್ದಿದ್ರೆ ಬಾಯ್ಬುಟ್ಟು ಏಳ್ಬೇಕಾಗಿತ್ತು.”

“ನಾವೂ ಆಗ್ನಿಂದ ಇಲ್ಲೇ ನಿಂತಿದ್ದೀವಲ್ಲ!”

“ಇಲ್ಲಿ ನಿಂತ್ಕಳಿ ಅಂತ ಯಾರ್ ಏಳಿದ್ರು? ನಾವು ಬೆಳಗ್ಗೆ ಇಲ್ಲೇ ಟೀ ಕುಡ್ದು ಮೈಸೂರ್ಗೋದೊ.” ಅವರು ಜೇಬಿನಿಂದ ನನ್ನ ಕಾರ್ಡು ತೆಗೆದರು. “ನಗರ ಬಸ್ ನಿಲ್ದಾಣ ಅಂತ ಬರ್ಸಿದ್ದೀರಿ. ಮೈಸೂರಲ್ಲಿ ಅಷ್ಟಗಲ ಬೋರ್ಡಲ್ಲಿ ಅದನ್ನೇ ಬರ್ದವ್ರೆ.”

ಅಪ್ಪ ಕಾರ್ಡನ್ನು ಇಸಿದುಕೊಂಡು ಕಂಡಕ್ಟರನ ಕೈಗೆ ಕೊಟ್ಟರು. ಆತ ಇಡೀ ಬಸ್ಸಿಗೆ ಕೇಳುವಂತೆ ಓದಿದ. ‘ಪೂರ್ವಾಹ್ನ’ದ ಹತ್ತಿರ ಸ್ವಲ್ಪ ಎಡವಿ, ‘ಆಗಮನ’ವನ್ನು ಎಳೆದು ಹೇಳಿ, “ನಗರ ಅಂದ್ರೆ ಮೈಸೂರೇ ಕಣ್ರಿ” ಎಂದು ತೀರ್ಪು ಕೊಟ್ಟ.

“ಯಾಕೆ, ಪಟ್ಣ ನಗರ ಅಲ್ವಾ?” ಎಂದ ಹಿಂದಿನ ಸೀಟಿನವನೊಬ್ಬ.

“ಇದು ಪುರಸಭೆ ಕಣ್ಲಾ, ಅದೆಂಗ್ ನಗರ ಆದಾತು?” ಎಂದ ಇನ್ನೊಬ್ಬ.

“ಅಂಗಾರೆ ನಮ್ಮ ಪಾಂಡವಪುರ ಏನು?” ಎಂದು ಸೊಪ್ಪಿನ ಬುಟ್ಟಿಯ ಹೆಂಗಸು ಕೇಳಿದಳು. ಡ್ರೈವರ್ ಹಾರನ್ ಒತ್ತತೊಡಗಿದ.

ಅಪ್ಪ ನನ್ನ ಕಡೆ ತಿರುಗಿದರು. “ನಾನೇನವ್ವ ಏಳಿದ್ದು?”

“ಪಟ್ಣ.”

“ನೀನ್ ಬರ್ದಿದ್ದು?”

“ನಗರ” ಎಂದೆ. ಆಗ ಅಕ್ಕ ನಕ್ಕಳು. ಬೀಗರ ಎದುರು ಮದುವೆಯ ಹೆಣ್ಣು ನಗಬಾರದಷ್ಟು ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಸ್ಸಿನೊಳಗಿದ್ದ ಹುಡುಗ ಮೆಲ್ಲಗೆ “ಇದು ಶ್ರೀರಂಗಪಟ್ಟಣನೇ ಇರಬೌದು ಅಂತ ನಾನು ಬೆಳಗ್ಗೆನೇ ಏಳ್ದೆ, ಮಾವ ಕೇಳ್ನಿಲ್ಲ” ಎಂದರು. ಅವರ ತಾಯಿ ಚೀಲ ಎತ್ತಿಕೊಂಡು ಎದ್ದರು.

“ಇಳೀರಿ ಎಲ್ಲ. ಎಣ್ಣೇ ನಗ್ತಾ ಅವ್ಳೆ, ನಮ್ದೇನು ಕ್ವಾಪ?”

ಆರು ಜನ ಇಳಿದರು. ಮಾವ ಇಳಿಯಲಿಲ್ಲ. ಬಸ್ಸು ಅವರನ್ನು ಹೊತ್ತುಕೊಂಡು ಹೊರಟೇಹೋಯಿತು. ನಾವೆಲ್ಲ ಹೋಟೆಲಿನಲ್ಲಿ ಊಟ ಮುಗಿಸಿ ಕೈ ತೊಳೆಯುವಾಗ ಅವರು ಬಿಸಿಲಲ್ಲಿ ಬೆವರುತ್ತ ನಡೆದು ಬಂದರು. ಮುಂದಿನ ಊರು ಕಿರಂಗೂರಿನಲ್ಲಿ ಇಳಿದುಬಿಟ್ಟಿದ್ದರು. “ಬಸ್ಸಲ್ಲಿ ಬಲೇ ಸೆಕೆ” ಎಂದಷ್ಟೇ ಹೇಳಿ ಎಲೆಯ ಮುಂದೆ ಕೂತರು. ಅಪ್ಪ ತಾವೇ ನಿಂತು ಅವರಿಗೆ ಎರಡು ಸಲ ಸಾರು ಹಾಕಿಸಿದರು.

ಆಮೇಲೆ ಪೇಟೆ ಬೀದಿಯ ಮೂರು ಜವಳಿ ಅಂಗಡಿ ಸುತ್ತಿದೆವು. ಅಕ್ಕನಿಗೆ ಬೇಕಾದದ್ದು ಕೆಂಪಂಚಿನ ಅರಿಶಿನ ಬಣ್ಣ. ಒಂದು ಕಡೆ ಅಂಚು ಸರಿಯಿದ್ದರೆ ಒಡಲು ಸರಿಯಿಲ್ಲ, ಇನ್ನೊಂದು ಕಡೆ ಒಡಲು ಸರಿಯಿದ್ದರೆ ಸೆರಗು ಡಲ್ಲು. ಮಾವ ಅಪ್ಪನ ಮುಖ ನೋಡಿದರು. ಅಪ್ಪ ಕೊಡೆಯ ಹಿಡಿ ತಿರುಗಿಸುತ್ತ “ನಡೀರಿ, ಮೈಸೂರ್ಗೇ ಓಗಮ” ಎಂದರು.

ಮೂರೂವರೆಯ ಬಸ್ಸಿಗೆ ಹನ್ನೆರಡು ಜನರೂ ಹತ್ತಿದೆವು. ಮೈಸೂರಿನ ಮೊದಲ ಅಂಗಡಿಯಲ್ಲೇ ಸೀರೆ ಸಿಕ್ಕಿತು. ವಾಪಸು ಬರುವಾಗ ಮಾವನೂ ಅಪ್ಪನೂ ಒಂದೇ ಸೀಟಿನಲ್ಲಿದ್ದರು. ಬೆಳಗಿನಿಂದ ಅಲೆದು ಸುಸ್ತಾಗಿದ್ದ ಮಾವ, ಬಸ್ಸು ಊರು ದಾಟುವುದರೊಳಗೆ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದರು. ಅವರಿಗೆ ಎಚ್ಚರವಾದೀತೆಂದು ಅಪ್ಪ ಶ್ರೀರಂಗಪಟ್ಟಣದವರೆಗೂ ಅಲುಗಾಡದೆ ಕೂತಿದ್ದರು.