ಕೈಯ ಕೆಂಪು ತೊಳೆದ ಲೋಕಪ್ಪ

ಹೊಸಬಾಳೆಯ ಲೋಕಪ್ಪನ ಮೇಲೆ ಏನೇನೋ ಬರೆದು ಗೋಡೆಗೆ ಅಂಟಿಸಿದರು. ಬರೆದವರು ಯಾರೂ ಹೆಸರು ಹಾಕಲಿಲ್ಲ. ನಾನು ಹಾಕುತ್ತೇನೆ. ನನ್ನ ಹೆಸರು ನೀಲಾಂಬಿಕ. ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ರಸ್ತೆಯ ಬದಿಗೇ ನನ್ನ ಮನೆ. ಅಕ್ಷರ ಕಲಿತಿದ್ದು ತಡವಾಗಿ. ಅದಕ್ಕೇ ಕಂಡಷ್ಟನ್ನೇ ಬರೆಯುತ್ತೇನೆ.

ಲೋಕಪ್ಪ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಲು ಬರುತ್ತಿರುವುದು ಇಪ್ಪತ್ತಾರು ವರ್ಷದಿಂದ. ನಮ್ಮ ಯಜಮಾನರು ಇದ್ದಾಗ ಬರತೊಡಗಿದವನು, ಅವರು ಹೋದ ಮೇಲೂ ತಪ್ಪಿಸಲಿಲ್ಲ. ತೆಳ್ಳಗಿನ ಆಳು. ಮೊಣಕಾಲಿನ ಕೆಳಗೆ ಮಾಂಸವೆಂಬುದೇ ಇಲ್ಲ, ಬರೀ ನರ. ಮದುವೆಯಾದ ಹೊಸತರಲ್ಲಿ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಸಂಜೆ ಎಂಟು ಮೈಲಿ ಓಡಿ ಮನೆ ಸೇರಿ, ಹೆಂಡತಿ ಹೂವಮ್ಮನ ಕೈಯಿಂದ ಎರಡು ರೊಟ್ಟಿ ತಿಂದು, ನಸುಕಿಗೆ ಮತ್ತೆ ಓಡಿ ಬಂದು ಹಾಲು ಕರೆಯುತ್ತಿದ್ದ. ಬಸ್ಸಿಗೆ ಹೋಗಬಾರದೇನೋ ಎಂದರೆ, "ಬಸ್ಸು ನಿಂತ್ಕೊಂಡು ನಿಂತ್ಕೊಂಡು ಹೋಗ್ತದಲ್ರೀ ಅಮ್ಮಾ, ಯಾವಾಗ ಮುಟ್ಟೋದು?" ಎನ್ನುತ್ತಿದ್ದ.

ತೊಂಬತ್ತಾರರ ಡಿಸೆಂಬರಿನಲ್ಲಿ ಒಂದು ಯುವಕ ಸಂಘದವರು ಶಿಕಾರಿಪುರದಿಂದ ಸೊರಬದವರೆಗೆ ಓಟ ಇಟ್ಟರು. ಹೆಸರು ಕೊಟ್ಟವರು ಮೂವತ್ತೊಂದು ಜನ. ಲೋಕಪ್ಪನಿಗೆ ಆಗ ನಲವತ್ತಾರು. ಅಳಿಯ ಕೊಡಿಸಿದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟವನು, ಊರು ದಾಟುತ್ತಲೇ ಅವನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡನಂತೆ. ಇದು ಅವನೇ ಹೇಳಿದ್ದು, ನಾನು ಕಂಡಿದ್ದಲ್ಲ.

ಸಂಘದವರು ಒಂದು ಗುಟ್ಟು ಮಾಡಿದ್ದರು. ನಡುವೆ ಯಾರಾದರೂ ಲಾರಿ ಹತ್ತಿಬಿಟ್ಟಾರೆಂದು, ಮೊದಲು ಯಾರಿಗೂ ತಿಳಿಸದೆ, ಶಿರಾಳಕೊಪ್ಪದಲ್ಲಿ ನಿಂತು ಓಡಿ ಬಂದವರ ಬಲಗೈ ಹಿಡಿದು ಕೆಂಪು ಬಣ್ಣದ ಪಟ್ಟೆ ಎಳೆದರು. ಎಣ್ಣೆಯಲ್ಲಿ ಕಲಸಿದ ಬಣ್ಣ. ಸೊರಬದಲ್ಲಿ ಆ ಪಟ್ಟೆ ತೋರಿಸಬೇಕು.

ಅವರಿಗೆ ತಿಳಿಯದ್ದು ಒಂದಿತ್ತು. ಸಂತೆಯಲ್ಲಿ ಕಟುಕ ಕುರಿ ಆರಿಸಿ, ಬೆಲೆ ಕುದುರಿದ ಮೇಲೆ ಅದರ ಬೆನ್ನಿಗೆ ಎಳೆಯುವುದೂ ಅದೇ ಕೆಂಪು ಪಟ್ಟೆ. ಪಟ್ಟೆ ಬಿದ್ದ ಕುರಿ ಹಟ್ಟಿಗೆ ಮರಳುವುದಿಲ್ಲ. ಲೋಕಪ್ಪನ ಮನೆಯವರು ಮಕ್ಕಳ ಅಂಗಿಗೂ ಆ ಬಣ್ಣ ತಾಗಗೊಡುವುದಿಲ್ಲ.

ಅಂದು ರೇಡಿಯೋದಲ್ಲಿ ಬೆಳಗಿನ ವಾರ್ತೆ ಮುಗಿದು ಚಿತ್ರಗೀತೆ ಬರುತ್ತಿತ್ತು. ನಾನು ಒಲೆಯ ಮುಂದೆ ಬಗ್ಗಿದ್ದೆ. "ಅಮ್ಮಾ, ನೀರು ಮುಟ್ತೀನ್ರೀ" ಎಂಬ ದನಿ ಕೇಳಿ ಹೊರಗೆ ಬಂದೆ. ಲೋಕಪ್ಪ ಬಚ್ಚಲ ಕಲ್ಲಿನ ಹತ್ತಿರ ಕೂತು ಬೂದಿ ಹಾಕಿ ಬಲಗೈ ಉಜ್ಜುತ್ತಿದ್ದ. ಚರ್ಮ ಕಿತ್ತು ಬರುವಂತೆ ಉಜ್ಜಿದ. ಒಂದು ಚೊಂಬು ನೀರು ಕುಡಿದ. ಎದ್ದು ಸೊರಬದ ಕಡೆ ಓಡಿದ. ತಿರುವಿನ ಹುಣಸೆಮರ ದಾಟುವ ತನಕ ನೋಡಿದೆ.

ಮೂರನೆಯವನಾಗಿ ಮುಟ್ಟಿದ. ಬಹುಮಾನವೆಂದು ಒಂದು ಕಪ್ಪು ಕೊಟ್ಟು ಹಾರ ಹಾಕಿದರು. ಆಮೇಲೆ ಯಾರೋ ಅವನ ಕೈ ನೋಡಿದರು.

ಅಲ್ಲಿಂದ ಮುಂದಿನದು ಈಶ್ವರನ ಕೆಲಸ. ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಎಸ್.ಟಿ.ಡಿ. ಬೂತು, ಬೂತಿನೊಳಗೆ ಜೆರಾಕ್ಸ್ ಮಷಿನ್. ಬೂತಿನಿಂದ ಮನೆಗೆ ಇನ್ನೂರು ಮಾರು, ಅಷ್ಟಕ್ಕೂ ಸ್ಕೂಟರು. ಇಂಥವನು ಓಟದ ಪತ್ತೇದಾರನಾದ. ಶಿಕಾರಿಪುರದಿಂದ ಇಬ್ಬರು, ಶಿರಾಳಕೊಪ್ಪದಿಂದ ಒಬ್ಬ ದಿನಾ ಫೋನು ಮಾಡುವುದು, ಇವನು ಬರೆದುಕೊಳ್ಳುವುದು. ಲೋಕಪ್ಪ ಶಿರಾಳಕೊಪ್ಪಕ್ಕೆ ಬಂದೇ ಇಲ್ಲವಂತೆ, ಕುರಿಗೊಬ್ಬರದ ಲಾರಿಯಲ್ಲಿ ಅಡ್ಡದಾರಿ ಹಿಡಿದನಂತೆ, ಅವನ ಮೈಯ ವಾಸನೆಯೇ ಸಾಕ್ಷಿಯಂತೆ. ಕುರಿ ಕಾಯುವವನ ಮೈ ಇನ್ನೇನು ನಾರಬೇಕಿತ್ತು?

ಸಂಘದವರು ವಿಚಾರಣೆ ಇಟ್ಟರು. ನನ್ನನ್ನೂ ಕರೆಸಿದರು. ಕೇಳಿದವನು ಈಶ್ವರನೇ.

"ಅಜ್ಜಿ, ಅವ್ನು ಓಡ್ಕೊಂಡು ಬಂದಿದ್ದು ಕಣ್ಣಾರೆ ನೋಡಿದ್ರೇನ್ರೀ?"

"ಬಂದಿದ್ದು ನೋಡ್ಲಿಲ್ಲಪ್ಪ. ಓಡಿ ಹೋಗಿದ್ದು ನೋಡ್ದೆ."

"ಕೈ ಮೇಲೆ ಕೆಂಪು ಇತ್ತಾ?"

"ಉಜ್ತಾ ಇದ್ದ. ನಂಗೆ ಕಂಡಿದ್ದು ಬೂದಿ ಮೆತ್ತಿದ ಕೈ."

"ಕಲ್ಲಿನ ಮೇಲಾದ್ರೂ ಕೆಂಪು ಬಿದ್ದಿತ್ತಾ?"

"ಬಿದ್ದಿತ್ತು. ಆದ್ರೆ ಅವತ್ತು ಸೋಮವಾರ. ಹೊಸ್ತಿಲಿಗೆ ಕೆಮ್ಮಣ್ಣು ಬಳಿದು ನಾನೂ ಬಟ್ಟೆನ ಅಲ್ಲೇ ಹಿಂಡಿದ್ದೆ. ಯಾವುದು ಯಾರದೋ ಹೇಳೋಕಾಗಲ್ಲ."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಈಶ್ವರ ಆಗ ಅಕ್ಕಪಕ್ಕದವರನ್ನು ನೋಡಿ ಹಲ್ಲು ಬಿಟ್ಟ ರೀತಿ ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ಕೈ ಯಾಕೆ ತೊಳೆದೆ ಎಂದು ಲೋಕಪ್ಪನನ್ನು ಕೇಳಿದರು.

"ಅದು ಕಡಿಯೋ ಕುರಿಗೆ ಹಚ್ಚೋ ಬಣ್ಣ ಕಣ್ರೀ. ಮೈಮೇಲಿಟ್ಕೊಂಡು ಹೆಂಗೆ ಓಡ್ಲಿ?"

"ಓಹೋ! ಸೊರಬದಾಗೆ ನಿನ್ನ ಕಡಿಯೋಕೆ ಯಾರಾದ್ರೂ ಕಾಯ್ತಿದ್ರೇನೋ ಲೋಕಪ್ಪ?" ಎಂದ ಈಶ್ವರ. ಕೋಣೆಗೆ ಕೋಣೆಯೇ ನಕ್ಕಿತು.

"ಈಗ ಗೊತ್ತಾತು ಬಿಡ್ರಿ" ಎಂದ ಲೋಕಪ್ಪ. ಅದಕ್ಕೆ ಯಾರೂ ನಗಲಿಲ್ಲ.

ಮಾರನೆಯ ದಿನ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಹಾಳೆ. "ರಸ್ತೆ ಬದಿಯ ಮನೆಯ ಅಜ್ಜಿಯೇ ನೋಡಿಲ್ಲ ಎಂದಿದ್ದಾರೆ." ಹೋಗಿದ್ದು ನೋಡಿದೆ ಎಂದದ್ದು ಅದರಲ್ಲಿ ಇರಲಿಲ್ಲ. ಒಂದೇ ಹಾಳೆಯನ್ನು ನಲವತ್ತು ಮಾಡಿ ಹೊಸಬಾಳೆಯ ಹೋಟೆಲಿನ ತನಕ ಅಂಟಿಸಿದ್ದರು. ಹೂವಮ್ಮ ಬಾವಿಗೆ ಹೋದರೆ ಹೆಂಗಸರು, "ಇವತ್ತು ಲಾರಿ ಬರ್ಲಿಲ್ವೇನೇ ಹೂವಿ, ನಡ್ಕೊಂಡ್ ಬಂದೀಯ?" ಎನ್ನುತ್ತಿದ್ದರಂತೆ. ಸಂಘದವರು ಬಾಯಿ ಬಿಡುವ ಮೊದಲೇ ಲೋಕಪ್ಪ ಕಪ್ಪನ್ನು ಬುಟ್ಟಿಯಲ್ಲಿಟ್ಟುಕೊಂಡು ಹೋಗಿ ಕೊಟ್ಟು ಬಂದ. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ನೀವು ಸುಳ್ಳು ಹೇಳಿದ್ರೆ ನಾನೇ ನಂಬ್ತಿರ್ಲಿಲ್ಲ ಅಮ್ಮಾ" ಎಂದ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಯುಗಾದಿ ಕಳೆದು ಹದಿನೈದು ದಿನಕ್ಕೆ, ಮಗಳು ಗಂಗಾಶ್ರೀಗೆ ಫೋನು ಮಾಡಲು ಅದೇ ಬೂತಿಗೆ ಹೋಗಬೇಕಾಯಿತು. ಲೈನು ಸಿಗುವ ತನಕ ಕಾಯುತ್ತ ಮೇಜಿನ ಮುಂದೆ ಕೂತೆ. ಮೇಜಿನ ಗಾಜಿನ ಕೆಳಗೆ ಓಟದ ಫೋಟೋಗಳು. ಒಬ್ಬೊಬ್ಬರ ಕಾಲಿಗೆ, ಕೈಗೆ, ಮುಖಕ್ಕೆ ಪೆನ್ನಿನಿಂದ ಸುತ್ತು ಹಾಕಿದ್ದ. ಒಂದೊಂದನ್ನೇ ನೋಡುತ್ತ ಹೋದೆ. ಹನ್ನೊಂದನೆಯದರಲ್ಲಿ ನನ್ನ ಮನೆಗಿಂತ ಮೊದಲು, ಶಿರಾಳಕೊಪ್ಪದ ಕಡೆಗಿರುವ ಮೈಲಿಗಲ್ಲು. ಅದರ ಪಕ್ಕ ಓಡಿ ಬರುತ್ತಿರುವ ಲೋಕಪ್ಪ, ಸೊಂಟದಲ್ಲಿ ಬೂಟು, ಮೇಲೆತ್ತಿದ ಬಲಗೈ ಮೇಲೆ ಪಟ್ಟೆ. ಕೆಂಪು, ಒಳ್ಳೇ ಕೆಂಪು.

"ಇದೇನೋ ಈಶ್ವರ?"

ಅವನು ತಲೆಯೆತ್ತಿ ನೋಡಿದ. "ಅದಾ? ಸ್ಟುಡಿಯೋ ಗುರುಪ್ರಕಾಶ್ ಆಮೇಲೆ ಕೊಟ್ಟಿದ್ದು ಕಣ್ರೀ ಅಜ್ಜಿ. ಅಷ್ಟೊತ್ತಿಗೆ ಹಾಳೆ ಅಂಟಿಸಿ ಆಗಿತ್ತು."

"ಯಾವಾಗ ಕೊಟ್ಟ?"

"ಮೂರು ದಿನ ಆದ್ಮೇಲೆ."

"ನಾಲ್ಕು ತಿಂಗ್ಳಾತಲ್ಲೋ! ಹೇಳ್ಬಾರ್ದಾಗಿತ್ತೇನೋ?"

"ಅವ್ನೇ ಕಪ್ಪು ವಾಪಸ್ ಕೊಟ್ನಲ್ರೀ, ಕೇಸ್ ಮುಗೀತು. ಈಗ ಎರಡನೇ ಬಹುಮಾನದವನ ಮೇಲೆ ಡೌಟು ಬಂದೈತೆ, ಅದನ್ನ ನೋಡ್ತಿದೀವಿ." ಹೊಸ ಸಿನಿಮಾ ಬಂದಿದೆ ಎನ್ನುವ ಉಮೇದಿನಲ್ಲಿ ಹೇಳಿದ.

ಅವನು ಕುಡಿದಿಟ್ಟ ಚಹಾದ ಲೋಟದಲ್ಲಿ ನೊಣ ಬಿದ್ದಿತ್ತು. ಅದನ್ನಾದರೂ ನೋಡಬಹುದು, ಅವನ ಮುಖ ನೋಡಲಾಗಲಿಲ್ಲ. ಫೋನು ಬೇಡವೆಂದು, ಗಾಜು ಎತ್ತಿ ಆ ಫೋಟೋ ತೆಗೆದುಕೊಂಡು ಎದ್ದೆ. ತಡೆಯುವಷ್ಟು ಕೂಡ ಅವನಿಗೆ ಅದು ಬೇಕಾಗಿರಲಿಲ್ಲ.

ಮನೆಯಲ್ಲಿ ಮೈದಾ ಕುದಿಸಿ ಅಂಟು ಮಾಡಿದೆ. ಮಾರನೆಯ ದಿನ ಮೊದಲ ಬಸ್ಸಿಗೆ ಸೊರಬಕ್ಕೆ ಹೋಗಿ, ಬಸ್ ಸ್ಟ್ಯಾಂಡಿನ ಗೋಡೆಯ ಹಳೆಯ ಹಾಳೆಯ ಮೇಲೆಯೇ ಫೋಟೋ ಅಂಟಿಸಿದೆ. ಕೆಳಗೆ ದಪ್ಪಕ್ಷರದಲ್ಲಿ, "ಓಡಿ ಬಂದಿದ್ದಾನೆ. ನೀಲಾಂಬಿಕ" ಎಂದು ಬರೆದೆ.

ವಾರ ಬಿಟ್ಟು ಹೋಗಿ ನೋಡಿದರೆ ಫೋಟೋದಲ್ಲಿ ಲೋಕಪ್ಪನ ಕಾಲಿನ ಸುತ್ತ ನೀಲಿ ಪೆನ್ನಿನ ಸುತ್ತು. ಪಕ್ಕದಲ್ಲಿ, "ಬೆಳಿಗ್ಗೆಯ ನೆರಳು ಈ ಕಡೆ ಬೀಳುತ್ತದೆಯೇ?" ಇನ್ನೊಂದು ಕೈ, "ಲಾರಿಯಿಂದ ಇಳಿದು ಪೋಸು ಕೊಟ್ಟಿರಬಹುದು." ಮತ್ತೊಂದು, "ಅಜ್ಜಿಗೆ ಎಷ್ಟು ಕುರಿ ಸಂದಾಯ?" ಒಂದೊಂದು ಅಕ್ಷರ ಕೂಡಿಸಿ ಪೂರ್ತಿ ಓದಿದೆ. ಉಗುರಿನಿಂದ ಕೆರೆದು ತೆಗೆದೆ. ಅವನ ಮೊಣಕಾಲಿನವರೆಗೆ ಮಾತ್ರ ಕಿತ್ತು ಬಂತು, ಉಳಿದದ್ದು ಗೋಡೆಗೇ ಹೋಯಿತು. ಅಲ್ಲಿ ನಿಂತವರು ಒಬ್ಬರೂ ಹಾಳೆ ಬರೆದವರಲ್ಲವಂತೆ. ಎಲ್ಲರೂ ಬರೀ ಓದಿದವರಂತೆ.

ಈ ವರ್ಷವೂ ಲೋಕಪ್ಪ ಮಂದೆ ತಂದ. ಫೋಟೋದ ಕಥೆಯನ್ನು ಹೇಳಿದೆ, ಬರೆದಿದ್ದನ್ನೂ ಬಿಡದೆ. ಕೇಳಿಸಿಕೊಂಡು ಕುರಿ ಎಣಿಸಲು ಎದ್ದು ಹೋದ. ಮೂರನೆಯ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಆಲಿಕಲ್ಲು ಮಳೆ ಹಿಡಿಯಿತು. ನಾಯಿ ಓಡಿ ಬಂದು ಕಟ್ಟೆ ಸೇರಿತು, ಕುರಿಗಳು ಓಡಿ ಬಂದು ಸೂರಿನಡಿ ನುಗ್ಗಿದವು. ಲೋಕಪ್ಪ ಹೊಲದ ಆಚೆ ತುದಿಯಿಂದ ಕಂಬಳಿ ಹೊದ್ದು ನಡೆದು ಬರುತ್ತಿದ್ದ.

"ಓಡೋ ಲೋಕಪ್ಪ! ತಲೆ ಒಡೀತದೆ, ಓಡೋ!" ಎಂದು ಬಾಗಿಲಿಂದ ಕೂಗಿದೆ.

ಅವನು ರಸ್ತೆಯ ಕಡೆ ನೋಡಿದ. ಒಂದು ಬಸ್ಸು ಹೋಗುತ್ತಿತ್ತು, ಕಿಟಕಿಗಳಲ್ಲಿ ಜನ. ಅದು ಹುಣಸೆಮರ ದಾಟುವ ತನಕ ಮಳೆಯಲ್ಲಿ ನಿಂತೇ ಇದ್ದ. ಆಮೇಲೂ ಓಡಲಿಲ್ಲ, ನಡೆದೇ ಬಂದ.