ಗಾಜು ಹಾಕಿದ ತೊಟ್ಟಿಲು

ನಮ್ಮಪ್ಪನಿಗೆ ಹಳೆಯ ಸಾಮಾನಿನ ಹುಚ್ಚು ಹತ್ತಿದ್ದು ನಿಜಾಮರ ಆಳ್ವಿಕೆ ಮುಗಿದ ಮೇಲೆ. ಜಹಗೀರು ಕಳೆದುಕೊಂಡ ಮನೆಗಳವರು ಯಾದಗಿರಿ ಸ್ಟೇಷನ್ನಿನಲ್ಲಿ ಹೈದರಾಬಾದಿನ ರೈಲು ಹತ್ತುವ ಮುಂಚೆ ಕುರ್ಚಿ, ಮಂಚ, ನಿಲುವುಗನ್ನಡಿಗಳನ್ನು ಸಿಕ್ಕವರಿಗೆ ಕೊಟ್ಟು ಹೋಗುತ್ತಿದ್ದರು. ಅಪ್ಪ ಸಿಕ್ಕವರಲ್ಲಿ ಮೊದಲಿಗ. ಶಹಾಪುರದ ನಮ್ಮ ಪಡಸಾಲೆ ಎಷ್ಟು ತುಂಬಿತೆಂದರೆ ನಾವು ಮಕ್ಕಳು ಗೋಡೆಗೆ ಒತ್ತಿಕೊಂಡು ನಡೆಯಬೇಕಾಗಿತ್ತು. ಅಷ್ಟೊಂದು ಕುರ್ಚಿಗಳಿದ್ದರೂ ನಾವು ಕೂತದ್ದು ನೆಲದ ಮೇಲೆಯೇ, ಕುರ್ಚಿ ಇದ್ದದ್ದು ನೋಡುವುದಕ್ಕಂತೆ. ಓಣಿಯವರು ನಮ್ಮ ಮನೆಗೆ ಅಜಾಯಬಖಾನೆ, ಅಂದರೆ ವಸ್ತುಸಂಗ್ರಹಾಲಯ, ಎಂದು ಹೆಸರಿಟ್ಟು ನಗುತ್ತಿದ್ದರು. ಅಪ್ಪ ಅದನ್ನು ಹೊಗಳಿಕೆ ಎಂದುಕೊಂಡ.

ತೊಟ್ಟಿಲು ಬಂದದ್ದು ಸುರಪುರದ ಒಂದು ದೊಡ್ಡ ಮನೆಯಿಂದ. ಸಾಗವಾನಿಯದು, ಪಟ್ಟಿಯ ತುಂಬ ಗಿಳಿಗಳ ಸಾಲು, ಗಿಳಿಗಳ ಕೊರಳಿಗೆ ಬಂಗಾರದ ಬಣ್ಣ. ಅಪ್ಪ ಬೆಲೆ ಕೇಳಿದಾಗ ಆ ಮನೆಯ ಯಜಮಾನಿ, ತೊಟ್ಟಿಲನ್ನು ಮಾರುವ ಪದ್ಧತಿ ಇಲ್ಲ ಎಂದಳು. ನಮ್ಮ ಕಡೆ ತೊಟ್ಟಿಲು ಒಂದೇ ಮನೆಯದಲ್ಲ, ಕೂಸು ಹುಟ್ಟಿದ ಮನೆಯವರು ಕೇಳಿದರೆ ಕೊಡಲೇಬೇಕು. ಆದರೆ ಅವರ ಮನೆಯ ಮಾಳಿಗೆ ಸೋರಿ ಕಟ್ಟಿಗೆ ಕೊಳೆಯತೊಡಗಿತ್ತು. ಅದಕ್ಕೇ ಆಕೆ ಜೊತೆಗೆ ಹೋಗಿದ್ದ ಅವ್ವನನ್ನು ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬಿ ತೊಟ್ಟಿಲನ್ನು ಒಪ್ಪಿಸಿದಳು. ಮೊಮ್ಮಗಳು ಬಸಿರಾದಾಗ ಕೇಳಲು ಬರುತ್ತೇನೆ ಎಂದಳು. ತಾನೇ ತಂದುಕೊಡುವುದಾಗಿ ಅವ್ವ ಮಾತು ಕೊಟ್ಟಳು. ಅಪ್ಪ ದಾರಿಯುದ್ದಕ್ಕೂ ಬಿಟ್ಟಿ ಸಿಕ್ಕಿತೆಂದು ಬೀಗಿದ.

ಮುಂದೆ ಅವನು ಬಡಿಗನನ್ನು ಕರೆಸಿ ಸರಪಳಿ ಬಿಚ್ಚಿಸಿದ, ನಾಲ್ಕು ಕಾಲು ಹಚ್ಚಿಸಿದ, ಮೇಲೆ ಗಾಜು ಹಾಕಿ ಅಂಚಿಗೆ ಪಟ್ಟಿ ಹೊಡೆಸಿದ. ಒಳಗೆ ಪಾನದಾನಿ, ಅತ್ತರಿನ ಶೀಶೆ, ಗುಲಾಬದಾನಿ, ಎಲೆಯಡಿಕೆ ಉಗುಳುವ ಒಂದು ಹಿತ್ತಾಳೆಯ ಪೀಕದಾನಿ. ಬೇಡವೆಂದ ಅವ್ವನಿಗೆ ಸಿಕ್ಕ ಉತ್ತರ, ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬುದು.

ಆ ಯಜಮಾನಿ ಬಂದೇಬಂದಳು, ಸರ್ವಿಸ್ ಮೋಟಾರಿನಲ್ಲಿ, ಧೂಳು ತಿಂದುಕೊಂಡು. ಮೊಮ್ಮಗಳು ಹಡೆದಿದ್ದಳು. ಅಪ್ಪ ಏಳಲಿಲ್ಲ, ಕೂತಲ್ಲಿಂದಲೇ ಹೇಳಿದ:

"ಅದು ಈಗ ತೊಟ್ಟಿಲ ಅಲ್ರಿ. ಗಾಜ ತೆಗದ್ರ ಕಟಗಿ ಸೀಳ್ತದ."

ಆಕೆ ಅವನ ಕಡೆ ನೋಡಲೂ ಇಲ್ಲ. ಗಾಜಿನೊಳಗೆ ಇಣುಕಿ, ಅವ್ವನಿಗೆ ಕೇಳಿದಳು:

"ಯವ್ವಾ, ಕೂಸು ಮಲಗೋ ಜಾಗಾದಾಗ ಪೀಕದಾನಿ ಇಟ್ಟೀರೇನು?"

ಅವ್ವ ಒಳಗೆ ಓಡಿ ತನ್ನ ಇಳಕಲ್ಲ ಸೀರೆ ತಂದು, ಕೂಸಿಗೆ ತೂಗುವ ಜೋಳಿಗೆಯನ್ನಾದರೂ ಕಟ್ಟಿಕೊಳ್ಳಿರೆಂದು ಮುಂದೆ ಹಿಡಿದಳು. ಆಕೆ ಅದನ್ನು ಮುಟ್ಟಲಿಲ್ಲ. ಕುಂಕುಮವನ್ನು ಮಾತ್ರ ಬೇಡವೆನ್ನದೆ ಹಚ್ಚಿಸಿಕೊಂಡು ಮೋಟಾರಿನ ಹೊತ್ತಾಯಿತೆಂದು ಎದ್ದಳು. ನೀರು ಸಹ ಕುಡಿಯಲಿಲ್ಲ. ಅವ್ವ ಅಂದಿನಿಂದ ಸುರಪುರದ ದಾರಿ ಹಿಡಿಯಲಿಲ್ಲ. ತವರಿನ ಮದುವೆಗಳಿಗೂ ಹೋಗಲಿಲ್ಲ, ಏಕೆಂದರೆ ಆಕೆಯ ತವರೂ ಅಲ್ಲೇ ಇತ್ತು.

ಮುಂದೆ ನನ್ನ ತಮ್ಮ ಹುಟ್ಟಿದ, ಮೂರು ಹೆಣ್ಣಿನ ಮೇಲೆ ಗಂಡು. ಹೆಸರಿಡುವ ದಿನ ಅಪ್ಪ ಅದೇ ಬಡಿಗನನ್ನು ಕರೆಸಿದ. ಬಡಿಗ ಉಳಿ ಹಾಕಿ ಮೀಟಿದ, ಗಾಜು ಬಂತು, ಕಾಲುಗಳೂ ಕಳಚಿದವು. ಕಟ್ಟಿಗೆಗೆ ಒಂದು ಗೀರೂ ಬೀಳಲಿಲ್ಲ. ಬಾಗಿಲಲ್ಲಿ ನಿಂತು ನಾನು ಅದನ್ನು ನೋಡಿದೆ. ಅಪ್ಪನ ಮೇಲೆ ನನಗೆ ಹುಟ್ಟಿದ ಹೇಸಿಗೆ ಅವನು ಸತ್ತ ಮೇಲೂ ಹೋಗಿಲ್ಲ.

ಓಣಿಯ ಹೆಂಗಸರೆಲ್ಲ ಸೇರಿದ್ದರು. ಗಿಳಿಗಳಿಗೆ ಎಣ್ಣೆ ಒರೆಸಿ, ಸರಪಳಿ ಹಾಕಿ, ತೊಟ್ಟಿಲನ್ನು ತೂಗುಬಿಟ್ಟಿದ್ದರು. ಅವ್ವ ಕೂಸನ್ನು ಎತ್ತಿಕೊಂಡು ಬಂದು ಅದರ ಪಕ್ಕದಿಂದ ಹಾದುಹೋದಳು. ಆಕೆ ಅಂದು ಯಜಮಾನಿಗೆ ಕೊಡಹೋಗಿದ್ದ ಸೀರೆಯನ್ನೇ ಪಡಸಾಲೆಯ ತೊಲೆಗೆ ಕಟ್ಟಿಸಿದ್ದಳು.

"ಆ ತೊಟ್ಟಿಲದಾಗ ನನ್ನ ಮಾತು ಸತ್ತದ," ಎಂದಳು, ಎಲ್ಲರಿಗೂ ಕೇಳುವಂತೆ. "ಅದರಾಗ ನನ್ನ ಕೂಸಿನ್ನ ಹಾಕಂಗಿಲ್ಲ."

ಅಪ್ಪ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಹೆಂಗಸರು ಸೀರೆಯ ಜೋಳಿಗೆಯ ಸುತ್ತ ಕೂತು ಜೋಗುಳ ಶುರುಮಾಡಿದರು. ಖಾಲಿ ತೊಟ್ಟಿಲು ಅವರ ಬೆನ್ನ ಹಿಂದೆ ಇನ್ನೂ ತೂಗುತ್ತಿತ್ತು. ಬರಿದೇ ತೂಗಬಾರದು, ಅದನ್ನು ಹಿಡಿದು ನಿಲ್ಲಿಸು ಎಂದು ಅವ್ವ ನನಗೆ ಹೇಳಿದಳು.